ಗದಿಗೆಪ್ಪನ ತಾಟು

"ದೇವಕ್ಕಾ, ನಾಕು ಮಂದಿ ಹೊಸಬರನ್ನ ತಂದೀನಿ. ಹೊಟ್ಟಿ ತುಂಬ ಹಾಕು. ಇನ್ನ ಮ್ಯಾಲೆ ಇವ್ರೂ ನಿನ್ನ ಖಾನಾವಳಿಯವ್ರ," ಎನ್ನುತ್ತ, ಕಾರ್ಖಾನೆಗೆ ಆಳು ತರುವ ಮುಕಾದಮ ಬಸವಂತರಾಯ ಒಳಗೆ ಬಂದ. ಅವನ ಹಿಂದೆ, ಆಗಷ್ಟೇ ದಾದರಿನಲ್ಲಿ ರೈಲಿಳಿದು ಬಂದ ನಾಲ್ವರು ತರುಣರು ಬಗಲಲ್ಲಿ ಗಂಟು ಹಿಡಿದು, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತರು.

ಸಿಂದಗಿ ಕಡೆಯವರೆಂದು ಅವರು ತಮ್ಮೊಳಗೆ ಆಡಿದ ಮಾತಿನಲ್ಲೇ ದೇವಕ್ಕನಿಗೆ ತಿಳಿಯಿತು. ಯಾಕೆ ಬಂದವರೆಂದೂ ತಿಳಿಯಿತು. ಕುರ್ಲಾದಲ್ಲಿ ತಗಡು ಕತ್ತರಿಸುವ ಪತ್ರಾ ಕಾರ್ಖಾನೆಯಲ್ಲಿ ಯೂನಿಯನ್ ಕಟ್ಟಿದರೆಂದು ಗದಿಗೆಪ್ಪ, ಪೀರಸಾಬ ಮತ್ತಿಬ್ಬರನ್ನು ಮಾಲೀಕ ಗೇಟಿನ ಹೊರಗೆ ಹಾಕಿದ್ದ. ಅವರನ್ನು ಕರೆದುಕೊಳ್ಳುವ ತನಕ ನಾವೂ ಒಳಗೆ ಬರುವುದಿಲ್ಲವೆಂದು ಉಳಿದವರೂ ಕೆಲಸ ಬಿಟ್ಟು ಕೂತಿದ್ದರು. ನಾಳೆ ಅವರ ಜಾಗಕ್ಕೆ ಈ ಹೊಸಬರು ಕಾಲಿಟ್ಟರೆ ಹಳಬರ ಎದೆ ಒಡೆಯುತ್ತಿತ್ತು. ಯೂನಿಯನ್ ಅಲ್ಲಿಗೆ ಮುಗಿಯುತ್ತಿತ್ತು.

ಗೇಟಿನ ಹೊರಗೆ ಬಿದ್ದ ಆ ನಾಲ್ವರು ಮೊದಲು ಉಣ್ಣುತ್ತಿದ್ದುದು ದೇವಕ್ಕನ ಕೈಯಡುಗೆಯನ್ನೇ. ಕೆಲಸ ಹೋದ ಮೇಲೆ ಪುಕ್ಕಟೆ ಉಣ್ಣಲು ನಾಚಿ, ಎಷ್ಟು ಕರೆದರೂ ಬಾರದೆ, ಎದುರಿನ ಕಟ್ಟೆಯ ಮೇಲೆ ಚಹಾ ಕುಡಿದು ದಿನ ತಳ್ಳುತ್ತಿದ್ದರು. ದೇವಕ್ಕನ ಖಾನಾವಳಿಯಲ್ಲಿ ಒಬ್ಬೊಬ್ಬನಿಗೆ ಒಂದೊಂದು ತಾಟು, ನಟ್ಟನಡುವೆ ಚುಕ್ಕಿ ಚುಕ್ಕಿಯಾಗಿ ಹೊಡೆಸಿದ ಅವನ ಹೆಸರು. ಒಬ್ಬನ ತಾಟಿನಲ್ಲಿ ಇನ್ನೊಬ್ಬನಿಗೆ ಬಡಿಸುವ ರೂಢಿಯೇ ಇರಲಿಲ್ಲ. ಅವತ್ತು ದೇವಕ್ಕ ಹಲಗೆಯ ಮೇಲೆ ಸುಮ್ಮನೆ ಬಿದ್ದಿದ್ದ ಆ ನಾಲ್ಕು ತಾಟುಗಳನ್ನು ಇಳಿಸಿ, ತೊಳೆದು, ರೊಟ್ಟಿ, ಜುಣಕ, ಶೇಂಗಾ ಹಿಂಡಿ ಬಡಿಸಿದಳು.

"ಗಾಡ್ಯಾಗ ಏನರೆ ತಿಂದಿದ್ರೇನಪಾ?"

"ಇಲ್ಲ ಯವ್ವಾ. ಸೊಲ್ಲಾಪುರದಾಗ ಚಾ ಕುಡದ್ವಿ, ಅಷ್ಟ."

"ಹಂಗಾರ ಉಣ್ರಿ. ನಾಚಗೋಬ್ಯಾಡ್ರಿ. ಕಟಕರೊಟ್ಟಿ ಸಪ್ಪಳ ಮಾಡಿದ್ರ ನಾ ಏನ್ ಬೈಯೂದಿಲ್ಲ."

ಅವರು ನಕ್ಕು ಉಂಡರು. ನಾಲ್ವರಲ್ಲಿ ಓದು ಬಲ್ಲವನು ಚಂದ್ರಾಮ. ಕೊನೆಯ ತುಣುಕಿನಿಂದ ತಾಟು ಒರೆಸಿದಾಗ ಅವನ ಬೆರಳಿನ ಕೆಳಗೆ ಅಕ್ಷರಗಳು ಎದ್ದವು.

"ಯವ್ವಾ, ಗದಿಗೆಪ್ಪ ಅಂದ್ರ ಯಾರ್ರೀ?"

"ಆ ತಾಟಿನ ಧಣಿ. ನಾಳೆ ನೀ ನಿಂದರೂ ಜಾಗಾದಾಗ ಇಷ್ಟು ವರ್ಷ ನಿಂತಾಂವ. ಅಕಾ, ಎದುರಿನ ಕಟ್ಟಿ ಮ್ಯಾಲೆ ಕುಂತಾನ ನೋಡು. ಬಾಜೂಕ ಕುಂತಾಂವ ಪೀರಸಾಬ. ಅವನ ತಾಟು ನಿಮ್ಮ ಗೆಳ್ಯಾನ ಮುಂದ ಐತಿ."

ಇನ್ನೂ ಉಣ್ಣುತ್ತಿದ್ದ ಮೂವರ ಕೈಗಳು ನಿಂತವು.

"ಹೊರಗ ಯಾಕ ಕುಂತಾರ್ರಿ?"

"ಒಬ್ಬನ ಬೆರಳು ಮಶೀನಿಗೆ ಹ್ವಾದ್ವು. ಮಾಲೀಕ ಕೈಗೆ ಒಂದ್ ಅರಬಿ ತುಂಡು ಸುತ್ತಿಸಿ ಊರಿಗೆ ಕಳಸಿಬಿಟ್ಟ. ಅದನ್ನ ಕೇಳಾಕಂತ ಎಲ್ಲಾರೂ ಕೂಡಿದ್ರು. ಕೂಡಿದ್ದ ತಪ್ಪಾತು."

"ದೇವಕ್ಕಾ!" ಮುಕಾದಮ ಗುಡುಗಿದ. "ಅಡಗಿ ಮಾಡೂದಷ್ಟ ನಿನ್ನ ಕೆಲಸ."

"ಅದನ್ನ ಮಾಡೀನೆಲ್ರೀ. ಉಪ್ಪು ಕಮ್ಮಿ ಆಗೇತೇನು?"

ಚಂದ್ರಾಮ ಮುಕಾದಮನ ಕಡೆ ತಿರುಗಿದ. "ಜಾಗಾ ಖಾಲಿ ಅದಾವ ಅಂದಿದ್ರಿ."

"ಖಾಲಿನ ಅದಾವು."

"ಹೆಂಗ ಖಾಲಿ ಆದ್ವು ಅನ್ನೂದು ಹೇಳಲಿಲ್ಲ ನೀವು."

ಅವನು ಎದ್ದ. ತಾಟನ್ನು ನಳದ ಹತ್ತಿರ ಒಯ್ದು, ಬೂದಿ ಹಚ್ಚಿ ತಿಕ್ಕಿ, ತೊಳೆದ. ದೇವಕ್ಕ ಕೈ ಚಾಚಿದರೂ ಕೊಡಲಿಲ್ಲ. ಓಣಿ ದಾಟಿ ಹೋಗಿ ಎರಡೂ ಕೈಯಿಂದ ಗದಿಗೆಪ್ಪನ ಮುಂದೆ ಹಿಡಿದ.

"ಕಾಕಾ, ಗೊತ್ತಿಲ್ಲದ ನಿಮ್ಮ ತಾಟಿನ್ಯಾಗ ಉಂಡೀನಿ. ನಿಮ್ಮ ಜಾಗಾದಾಗ ಮಾತ್ರ ನಿಂದರೂದಿಲ್ಲ. ಏಳ್ರಿ, ಊಟಕ್ಕ."

ಉಳಿದ ಮೂವರೂ ತಾಟು ತೊಳೆದು ಅವನ ಹಿಂದೆ ಬಂದರು. ಗದಿಗೆಪ್ಪ ತಾಟು ಇಸಿದುಕೊಂಡು ಎದ್ದ. "ಏಳೋ ಪೀರ್ಯಾ," ಎಂದ, "ಕರಿಯಾಕ ಬಂದಾರ." ನಾಚಿ ದೂರವಾಗಿದ್ದ ನಾಲ್ವರು ತಲೆ ಎತ್ತಿ ಖಾನಾವಳಿಯೊಳಗೆ ನಡೆದು ಬಂದರು. ಹೊಸಬರು ಗೋಡೆಗೆ ಸರಿದು ಜಾಗ ಮಾಡಿಕೊಟ್ಟರು.

ಮುಕಾದಮನ ಮೋರೆ ಕಪ್ಪಾಯಿತು. "ಮಾಲೀಕಗ ಹೇಳ್ತೀನಿ. ಈ ಖಾನಾವಳಿಗೆ ಒಂದ್ ನರಪಿಳ್ಳಿ ಬರದಂಗ ಮಾಡ್ತೀನಿ, ತಿಳಿತಿಲ್ಲೋ?"

ದೇವಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಮಾಡ್ರಿ, ಬಸವಂತರಾಯ. ನೀವು ಹಮಾಲಿ ಮಾಡತಿದ್ದಾಗ ಉಂಡ ತಾಟೂ ಆ ಹಲಗಿ ಮ್ಯಾಲ ಐತಿ. ಇವತ್ತಿಗೂ ಅದರಾಗ ಇನ್ನೊಬ್ಬಗ ಬಡಿಸಿಲ್ಲ ನಾನು."