ತವರಿಗೆ ಬಂದ ಬೆಳ್ಳಿ

ಧಾರವಾಡಕ್ಕೆ ಓದಲು ಬಂದಿದ್ದ ನೈರೋಬಿಯ ಹುಡುಗನನ್ನು ಮದುವೆಯಾದ ದಿನವೇ ಸುಮಂಗಲೆಗೆ ಗದಗಿನ ತವರುಮನೆಯ ಬಾಗಿಲು ಮುಚ್ಚಿತು. ಗಂಡನ ಜೊತೆ ಅವನ ಊರಿಗೆ ಹೋದ ಮೇಲೆ ಎಷ್ಟು ಸಲ ಫೋನು ಮಾಡಿದರೂ ತಂದೆ ಮಾತಾಡಲಿಲ್ಲ. ಈಗ ಉದ್ದಜಿಗಿತದಲ್ಲಿ ಹೆಸರು ಮಾಡಿದ್ದ ಮಗಳು, ಹುಟ್ಟಿದ ದೇಶದ ಪೌರತ್ವ ಬಿಟ್ಟು ಭಾರತದ ಪರವಾಗಿ ಸ್ಪರ್ಧಿಸುತ್ತೇನೆ ಎಂದಾಗ ಅವಳು ಬೆಚ್ಚಿದಳು.

“ಬ್ಯಾಡವ್ವಾ. ಒಮ್ಮೆ ಬಿಟ್ಟರ ತಿರುಗಿ ಸಿಗೂದು ಕಷ್ಟ. ನಿನ್ನ ಅಪ್ಪ, ಗೆಳತ್ಯಾರು ಎಲ್ಲಾ ಇಲ್ಲೇ ಅದಾರ.”

“ಒಂದು ಪದಕ ಗೆದ್ದರ ಸಾಕವ್ವ. ಅಜ್ಜಗ ನಿನ್ನ ಮ್ಯಾಲಿನ ಸಿಟ್ಟು ಇಳೀತದ. ನೀ ಊರಿಗೆ ಹೋಗಬಹುದು.”

ಮಗಳು ಹಟ ಬಿಡಲಿಲ್ಲ. ಪಾಸ್‌ಪೋರ್ಟು ಒಪ್ಪಿಸಿ ಹೋದಳು, ಗುರುತಿಲ್ಲದ ಊರಿನ ಹಾಸ್ಟೆಲಿನಲ್ಲಿದ್ದು ಅಭ್ಯಾಸ ಮಾಡಿದಳು, ಕೊನೆಗೂ ಭಾರತಕ್ಕೆ ಬೆಳ್ಳಿ ಪದಕ ಗೆದ್ದುಕೊಟ್ಟಳು. ಗದಗಿನವರು ದೊಡ್ಡ ಸನ್ಮಾನ ಇಟ್ಟುಕೊಂಡರು.

ನೈರೋಬಿಯಲ್ಲಿ ಸುಮಂಗಲೆ ಮೊಬೈಲು ಹಿಡಿದು ನೇರಪ್ರಸಾರ ನೋಡುತ್ತ ಕುಳಿತಳು. ವೇದಿಕೆಯ ಮೇಲೆ ತಂದೆ ತಮ್ಮ ಕೈಯಾರೆ ಮೊಮ್ಮಗಳಿಗೆ ಶಾಲು ಹೊದಿಸಿದರು, ತಬ್ಬಿಕೊಂಡು ಗಳಗಳನೆ ಅತ್ತರು. ಇವಳಿಗೂ ಕಣ್ಣು ತುಂಬಿ ಬಂತು. ದೊಡ್ಡ ಸೂಟ್‌ಕೇಸು ಎಲ್ಲಿಟ್ಟಿದ್ದೀಯ ಎಂದು ಗಂಡನನ್ನು ಕೇಳಿದಳು.

ಅಷ್ಟರಲ್ಲಿ ಪತ್ರಕರ್ತನೊಬ್ಬ ಅಜ್ಜನ ಮುಂದೆ ಮೈಕು ಹಿಡಿದ.

“ಯಜಮಾನ್ರ, ಈಕಿ ತಾಯಿ ನಿಮ್ಮ ಮಗಳಲ್ರಿ? ಅವರು ಬಂದಿಲ್ಲೇನ್ರಿ?”

ತಂದೆ ಮೊಮ್ಮಗಳ ತಲೆ ಸವರಿದರು.

“ತಾಯಿ ಇಲ್ಲದ ಕೂಸ್ರಿ ಇದು. ನನ್ನ ಮಗಳು ತೀರಿಕೊಂಡು ಭಾಳ ವರ್ಷ ಆತು.”