ಗಡಾರಿ ಕೊಟ್ಟ ಕಿಟಕಿ

“ಇದು ಬರೀ ಸಂದಲ್ಲ ಮೇಡಂ, ಶೀಲ್ಡು!” ಎಂದು ಚಿಕ್ಕಬೈರಪ್ಪ ಮೇಲ್ದುಟಿ ಎತ್ತಿ, ಮುಂದಿನ ಹಲ್ಲಿಲ್ಲದ ಜಾಗವನ್ನು ಡಾಕ್ಟರ್ ಶ್ವೇತಾಗೆ ತೋರಿಸಿದ. ಜಯನಗರದ ಆ ಹಲ್ಲಿನ ಕ್ಲಿನಿಕ್ಕಿಗೆ ಅವನನ್ನು ಗೊಟ್ಟಿಗೆರೆಯಿಂದ ಆಟೋದಲ್ಲಿ ಹೆಚ್ಚೂಕಡಿಮೆ ಎಳೆದುಕೊಂಡೇ ಬಂದಿದ್ದಳು ಹೆಂಡತಿ ನಾರಾಯಣಮ್ಮ. ಭಾನುವಾರ ಮಗಳ ನಿಶ್ಚಿತಾರ್ಥ. ಬೀಗರ ಪಕ್ಕ ಈ ಕಿಟಕಿ ತೆರೆದುಕೊಂಡು ಫೋಟೋಕ್ಕೆ ನಿಲ್ಲಕೂಡದು ಎಂಬುದು ಅವಳ ಹಟ. ನಲವತ್ತು ವರ್ಷ ಕಾಪಾಡಿಕೊಂಡು ಬಂದಿದ್ದನ್ನು ಮುಚ್ಚಿಸಲಾರೆ ಎಂಬುದು ಅವನ ಹಟ.

“ಯಾರು ಮುರಿದ್ರು ಅಂತ ಕೇಳಿ ಮೇಡಂ,” ಎಂದ ಜೊತೆಗೆ ಬಂದಿದ್ದ ಗೆಳೆಯ ಸೋಮನಾಥ್.

ಶ್ವೇತಾ ಕೇಳಲಿಲ್ಲ. ಕೇಳದಿದ್ದರೆ ಬಿಡುವ ಆಸಾಮಿಯೇ ಚಿಕ್ಕಬೈರಪ್ಪ? “ಗಡಾರಿ ಗಂಗಾಧರಯ್ಯ! ಬೋಲ್ಟ್ ಫ್ಯಾಕ್ಟರಿ ಫುಟ್‌ಬಾಲ್ ಟೀಮಿನ ಸ್ಟಾಪರ್ ಬ್ಯಾಕು. ಈಗಿನವರೂ ಇದಾರೆ, ಗಾಳಿ ಬೀಸಿದ್ರೆ ಬಿದ್ದು ಹೊರಳಾಡ್ತಾರೆ.”

“ಗಡಾರಿ ಆಡ್ತಾನೆ ಅಂದ್ರೆ ಎದುರು ಟೀಮಿನ ಫಾರ್ವರ್ಡುಗಳು ಮನೇಲಿ ಹೇಳಿ ಬರ್ತಿದ್ರು,” ಎಂದು ಸೋಮನಾಥ್ ದನಿಗೂಡಿಸಿದ.

“ಒಂದ್ಸಲ ಗೋಲ್‌ಪೋಸ್ಟಿಗೆ ತಲೆ ಹೊಡ್ಕೊಂಡ. ಕೊನೆಗೆ ಕಂಬಕ್ಕೇ ಬ್ಯಾಂಡೇಜ್ ಸುತ್ತಿದ್ರು ಮಗಾ!”

ಎಂಬತ್ನಾಲ್ಕರ ಫೈನಲ್‌ಗೆ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೊರಟಿದ್ದರು. ಹುಳಿಮಾವಿನ ಹತ್ತಿರ ಪಂಕ್ಚರ್. ಸ್ಟೇಡಿಯಂ ಸೇರಿ ಗೋಲಿನ ಹಿಂದಿನ ಗ್ಯಾಲರಿಯಲ್ಲಿ ಕೂರುವಷ್ಟರಲ್ಲಿ ಸೆಕೆಂಡ್ ಹಾಫ್ ಶುರುವಾಗಿತ್ತು. ಚಿಕ್ಕಬೈರಪ್ಪ ತಲೆ ಎತ್ತಿ, ಬಾಯಿ ತೆರೆದು, ಒಂದು ಕಡಲೆಕಾಯಿ ಬೀಜವನ್ನು ಮೇಲಕ್ಕೆ ಎಸೆದ. ಬೀಜದ ಬದಲು ಚೆಂಡು ಬಂತು. “ಗಡಾರಿ ಹೊಡ್ತ ಕಣೋ, ಪುಣ್ಯವಂತ!” ಎಂದು ಸೋಮನಾಥ್ ಕಿರುಚಿದ್ದಷ್ಟೇ ಅವನಿಗೆ ನೆನಪು. ಅಂದಿನಿಂದ ಬನ್ನೇರುಘಟ್ಟ ರಸ್ತೆಯ ಹೋಟೆಲುಗಳಲ್ಲಿ ಹಳೇ ಫುಟ್‌ಬಾಲ್ ಹುಚ್ಚರು ಕಾಫಿ ಕೊಡಿಸಿ ಆ ಸಂದಿನ ದರ್ಶನ ಪಡೆಯುತ್ತಿದ್ದರು. ಜೊತೆಗಿದ್ದ ಪ್ರತ್ಯಕ್ಷ ಸಾಕ್ಷಿ ಸೋಮನಾಥನಿಗೂ ಒಂದು ಕಾಫಿ ಸಲ್ಲುತ್ತಿತ್ತು.

“ಈ ಮನುಷ್ಯ ನನ್ನ ಹೆಸರು ಕರೆದಿದ್ದಕ್ಕಿಂತ ಆ ಗಡಾರಿ ಹೆಸರು ಹೇಳಿದ್ದೇ ಜಾಸ್ತಿ,” ಎಂದಳು ನಾರಾಯಣಮ್ಮ.

ಅಷ್ಟರಲ್ಲಿ ಬಾಗಿಲು ಅರ್ಧ ತೆರೆಯಿತು. ಊದಿದ ಕೆನ್ನೆಗೆ ಮಫ್ಲರ್ ಸುತ್ತಿಕೊಂಡ ಎತ್ತರದ ಮುದುಕರೊಬ್ಬರು ತಲೆ ಮಾತ್ರ ಒಳಗೆ ಹಾಕಿ, “ಮೇಡಂ, ಇಂಜೆಕ್ಷನ್ ಇಲ್ದೆ ಆಗಲ್ವಾ?” ಎಂದು ಅಳುದನಿಯಲ್ಲಿ ಕೇಳಿದರು.

“ಗಂಗಾಧರಯ್ಯ ಅಂಕಲ್, ಎರಡು ಸಲ ಓಡಿಹೋಗಿದೀರ. ಇವತ್ತು ಬಿಡಲ್ಲ, ಬಂದು ಕೂತ್ಕೊಳ್ಳಿ.”

ಎರಡು ಕಡೆ ಮುರಿದು ಕೂಡಿದ ಆ ಮೂಗನ್ನು ಚಿಕ್ಕಬೈರಪ್ಪ ಹೇಗೆ ಮರೆತಾನು! ಕುರ್ಚಿಯಿಂದ ಧುಮುಕಿ ನೇರ ಕಾಲಿಗೆ ಬಿದ್ದ. ಮುದುಕರು ಹೆದರಿ ಒಂದು ಹೆಜ್ಜೆ ಹಿಂದೆ ಸರಿದರು. “ಅಣ್ಣ, ನೋಡಿ ಅಣ್ಣ, ನೀವೇ ಕೊಟ್ಟಿದ್ದು,” ಎಂದು ತುಟಿ ಎತ್ತಿ ನಿಂತಾಗ ಅವನ ಕಣ್ಣು ತುಂಬಿತ್ತು. “ಎಂಬತ್ನಾಲ್ಕರ ಫೈನಲ್ಲು, ಸೆಕೆಂಡ್ ಹಾಫು.”

“ಅವತ್ತಾ?” ಗಂಗಾಧರಯ್ಯ ಕೆನ್ನೆ ಒತ್ತಿಕೊಂಡು ಯೋಚಿಸಿದರು. “ಅವತ್ತು ಹನ್ನೆರಡನೇ ನಿಮಿಷಕ್ಕೇ ರೆಡ್ ಕಾರ್ಡ್ ಕೊಟ್ಟು ನನ್ನ ಆಚೆ ಹಾಕಿದ್ರಲ್ಲಪ್ಪ. ಸೆಕೆಂಡ್ ಹಾಫಲ್ಲಿ ನಾನು ಗೇಟ್ ಹತ್ರ ಬೋಂಡಾ ತಿಂತಿದ್ದೆ.”

ಎತ್ತಿ ಹಿಡಿದಿದ್ದ ತುಟಿ ಚಿಕ್ಕಬೈರಪ್ಪನ ಬೆರಳಿನಿಂದ ಜಾರಿತು.

“ಹಂಗಾದ್ರೆ ಆ ಬಾಲು?”

“ಪೆನಾಲ್ಟಿ ಅದು. ಚಕ್ರಪಾಣಿ ಹೊಡೆದು ಗ್ಯಾಲರಿಗೆ ಕಳಿಸ್ದ. ಯಾರದೋ ಬಾಯಿಗೆ ಬಿತ್ತಂತೆ ಅಂತ ಪಾಪ ಎರಡು ದಿನ ಊಟ ಬಿಟ್ಟಿದ್ದ.”

“ಮೊಸರನ್ನ ಚಕ್ರಪಾಣಿ?” ಎಂದ ಚಿಕ್ಕಬೈರಪ್ಪ. “ಯಾರಿಗಾದ್ರೂ ಕಾಲು ತಗುಲಿದ್ರೆ, ಆಟ ನಿಲ್ಲಿಸಿ ಮುಟ್ಟಿ ಕಣ್ಣಿಗೊತ್ಕೊಳ್ತಿದ್ನಲ್ಲ, ಅವನಾ?”

“ಅವನೇ. ಬಂಗಾರದಂಥ ಮನುಷ್ಯ.”

ನಾರಾಯಣಮ್ಮ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ಕಿಸಕ್ಕೆಂದು ಆಚೆ ಬಂತು. ಸೋಮನಾಥ್ ಮಾತ್ರ ಗೋಡೆಯ ಮೇಲಿದ್ದ ದವಡೆಯ ಚಿತ್ರವನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ.

“ಲೋ ಸೋಮ, ನಿಂಗೆ ಗೊತ್ತಿತ್ತೇನೋ?”

“ಮಾರನೇ ದಿನ ಪೇಪರಲ್ಲಿ ಬಂದಿತ್ತು ಮಗಾ. ಅಷ್ಟೊತ್ತಿಗೆ ನೀನು ಊರಿಗೆಲ್ಲಾ ಸಾರಿಬಿಟ್ಟಿದ್ದೆ.” ಸೋಮನಾಥ್ ತಿರುಗದೆಯೇ ಹೇಳಿದ. “ಕಾಫಿ ಬೇರೆ ಶುರುವಾಗಿತ್ತು.”

ಚಿಕ್ಕಬೈರಪ್ಪ ಕುರ್ಚಿಯಲ್ಲಿ ಕುಸಿದ. ನಲವತ್ತು ವರ್ಷ! ಮದುವೆಯ ಫೋಟೋದಲ್ಲಿ, ಆಧಾರ್ ಕಾರ್ಡಿನಲ್ಲಿ, ಗೃಹಪ್ರವೇಶದ ವಿಡಿಯೋದಲ್ಲಿ, ಎಲ್ಲೆಲ್ಲೂ ಅವನು ಹಲ್ಲು ಕಿರಿದು ಮೆರೆಸಿದ್ದು ಮೊಸರನ್ನವನ್ನು. ಅವನಿಗೆ ನಿಜಕ್ಕೂ ಅಳು ಬಂತು.

“ಮೇಡಂ,” ಎಂದ ಕಡೆಗೆ, “ಮುಚ್ಚಿಬಿಡಿ ಇದನ್ನ. ಇವತ್ತೇ.”

“ಅಬ್ಬಾ, ನಮ್ಮಪ್ಪ ಮಾದಪ್ಪ ಕಣ್ಬಿಟ್ಟ!” ಎಂದು ನಾರಾಯಣಮ್ಮ ಮೇಲೆ ನೋಡಿ ಕೈ ಮುಗಿದಳು. ಶ್ವೇತಾ ಹಲ್ಲಿನ ಅಳತೆ ತೆಗೆಯಲು ಅಂಟು ಕಲಸತೊಡಗಿದಳು. ಗಂಗಾಧರಯ್ಯ ನಿಧಾನವಾಗಿ ಬಾಗಿಲ ಕಡೆ ಜರುಗುತ್ತಿದ್ದರು.

“ಅಣ್ಣ, ಒಂದ್ನಿಮಿಷ!” ಚಿಕ್ಕಬೈರಪ್ಪ ತಟ್ಟನೆ ಎದ್ದು ಅವರ ತೋಳು ಹಿಡಿದುಕೊಂಡ. ಇನ್ನೊಂದು ಕೈಯಲ್ಲಿ ತುಟಿ ಎತ್ತಿ, ಸಂದಿನ ಪಕ್ಕದ ಹಲ್ಲಿನ ಮೇಲೆ ಬೆರಳಿಟ್ಟ. “ಇದು ಇನ್ನೂ ಗಟ್ಟಿಯಾಗಿದೆ. ಮೇಡಮ್ಮೂ ಹೆಂಗೂ ಇಲ್ಲೇ ಇದಾರೆ. ಒಂದು ಬಾಲ್ ತರಿಸ್ಲಾ?”