ಎರಡು ವ್ಯಾಟಿನ ಕಾಯುವಿಕೆ

ನಿಸ್ತಂತು ಅಲೆಗಳನ್ನು ನಿಲ್ಲಿಸಿ ಹನ್ನೊಂದು ವರ್ಷವಾಗಿತ್ತು. ಊರಿನ ಮಾತೆಲ್ಲ ಈಗ ಕರೆಂಟಿನ ತಂತಿಯಲ್ಲೇ ಹರಿಯುತ್ತಿತ್ತು. ಗದಗಿನ ಮನೆಮನೆಯ ಮೋಡೆಮ್ ಎಷ್ಟು ಕರೆಂಟು ತಿನ್ನುತ್ತದೆಂದು ಅಳೆಯುವುದು ಶಾಂಭವಿಯ ಕೆಲಸ. ಸುಮ್ಮನೆ ಕಾಯುವಾಗ ಎರಡು ವ್ಯಾಟ್, ಮಾತು ಬರುವಾಗ ಎರಡೂವರೆ, ಕಳಿಸುವಾಗ ನಾಲ್ಕು. ವರ್ಷದ ಲೆಕ್ಕ ತೆಗೆದರೆ ಮಾತಿಗಿಂತ ಕಾಯುವುದಕ್ಕೇ ಹೆಚ್ಚು ಕರೆಂಟು ಹೋಗುತ್ತಿತ್ತು. ಹಾಗಾಗಿ ಆರು ತಿಂಗಳು ಒಂದು ಮಾತೂ ಬಾರದ ಮೋಡೆಮ್ಮನ್ನು ಕಿತ್ತು ತರಬೇಕೆಂಬ ನಿಯಮವಿತ್ತು.

ಟೇಲರ್ ಮೌಲಾಸಾಬರ ಮೋಡೆಮ್ಮಿಗೆ ಅಂದೇ ಕೊನೆಯ ದಿನ.

“ಚಾಚಾ, ನಿಮಗ ಯಾರೂ ಫೋನ್ ಮಾಡಂಗಿಲ್ಲೇನ್ರಿ?”

“ಮಾಡಾಕಿ ಗೋರ್ಯಾಗ ಅದಾಳವಾ. ಅಲ್ಲೀತನ ನಿಮ್ಮವ್ರು ತಂತಿ ಎಳದಿಲ್ಲ.” ಅವರು ನಕ್ಕರು. ಆದರೆ ಮೋಡೆಮ್ಮಿನ ಮೇಲಿಟ್ಟ ಕೈ ತೆಗೆಯಲಿಲ್ಲ. “ಇದರ ಹಸಿರು ದೀಪ ಇರ್ಲಿ. ಮನ್ಯಾಗ ಇನ್ನೊಬ್ರು ಎಚ್ಚರ ಅದಾರ ಅನಸ್ತೈತಿ.”

ಶಾಂಭವಿ ಅಂಕಿ ತಿದ್ದುವವಳಲ್ಲ. ಅಳೆಯುವ ಮೀಟರನ್ನು ಅವರ ಮೋಡೆಮ್ಮಿಗೆ ಸಿಕ್ಕಿಸಿ ಅಲ್ಲೇ ಬಿಟ್ಟು, ಎರಡು ಓಣಿ ದಾಟಿ ತನ್ನ ಬಾಡಿಗೆ ಕೋಣೆಗೆ ಹೋದಳು. ಅಲ್ಲಿಂದ ಅವರ ನಂಬರಿಗೆ ಕರೆ ಮಾಡಿದಳು.

“ಯಾರ್ರೀ?”

“ನಾನರೀ ಚಾಚಾ, ಮೋಡೆಮ್ ಅಳ್ಯಾಕಿ. ನಾ ಮಾತಾಡುವಾಗ ಮೀಟರ್ ಎಷ್ಟು ತೋರಸ್ತೈತಿ?”

“ಎರಡೂವರಿ.” ಅವರು ಫೋನ್ ಇಡಲಿಲ್ಲ. “ಊಟ ಆತೇನವಾ?”

ಅವರ ಮಾತು ಬರುತ್ತಿದ್ದಾಗಲೇ ಶಾಂಭವಿ ರೂಢಿಯಂತೆ ತನ್ನ ಮೋಡೆಮ್ಮಿಗೆ ಸಿಕ್ಕಿಸಿಟ್ಟಿದ್ದ ಇನ್ನೊಂದು ಮೀಟರನ್ನೂ ನೋಡಿದಳು. ಅದೂ ಎರಡೂವರೆ ತೋರಿಸಿತ್ತು, ಐದು ತಿಂಗಳಲ್ಲಿ ಮೊದಲ ಸಲ.

“ಇಲ್ಲರೀ,” ಎಂದಳು. “ನಿಮ್ದು?”